ಹಗುರ ತಲೆಯ ಕೋಲು

ಮಾರ್ಚ್ 3, ಸೋಮವಾರ

ಈ ಪುಸ್ತಕವನ್ನು ಸೊಸೆ ತಂದುಕೊಟ್ಟದ್ದು ನಮ್ಮ ಯಜಮಾನರು ಮಾತ್ರೆ ತೆಗೆದುಕೊಂಡ ಹೊತ್ತನ್ನು ನಾನು ಬರೆದಿಡಲಿ ಎಂದು. ಬೆಳಿಗ್ಗೆ ಎಂಟಕ್ಕೆ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ಸಂಜೆ ಏಳಕ್ಕೆ ಅರ್ಧ. ಕೈ ನಡುಕ ಹೆಚ್ಚೋ ಕಡಿಮೆಯೋ ಅದನ್ನೂ ಬರೆಯಬೇಕಂತೆ. ಅವಳು ನರ್ಸು, ಮನೆಯನ್ನೂ ವಾರ್ಡು ಮಾಡಿಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಇನ್ನೂರು ಪುಟದ ಪುಸ್ತಕ ಕೊಟ್ಟರೆ ಮಾತ್ರೆಗೆ ಎಷ್ಟು ಪುಟ ಬೇಕು? ಮಿಕ್ಕದ್ದು ನನಗೆ.

ಮೂರೂ ಕೊಟ್ಟೆ. ನಡುಕ ನಿನ್ನೆಯಷ್ಟೇ. ಅರ್ಧ ಟೀ ಹೊಟ್ಟೆಗೆ, ಅರ್ಧ ಅಂಗಿಗೆ.

ಇವತ್ತು ಮೊಮ್ಮಗಳಿಗೆ ಚೀಟಿ ಬಂತು. ಅವಳನ್ನು ಮಿಡತೆ ಅನ್ನುತ್ತೇವೆ, ಮೈಯಲ್ಲಿ ಮುಕ್ಕಾಲು ಪಾಲು ಕಾಲೇ. ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಟ ಅವಳದು; ಕಿರಿಯರ ತಂಡದ ಆಯ್ಕೆ ಇಪ್ಪತ್ತೊಂಬತ್ತನೇ ತಾರೀಕು. ನಾಲ್ಕು ಜಾಗ. ಹೋದ ವರ್ಷ ಇವಳು ಐದನೆಯವಳಾದಳು, ಒಂದೇ ಒಂದು ಚೆಂಡಿನಲ್ಲಿ. ಏಪ್ರಿಲ್‌ಗೆ ಅವಳಿಗೆ ಇಪ್ಪತ್ತು ತುಂಬುತ್ತದೆ. ಆಮೇಲೆ ಕಿರಿಯರ ತಂಡ ಇಲ್ಲ. ಚೀಟಿ ಬಂದದ್ದಕ್ಕೆ ಕುಣಿಯುತ್ತಾಳೆ ಅಂದುಕೊಂಡರೆ ತಟ್ಟೆಯಲ್ಲಿದ್ದದ್ದನ್ನು ಕೆದಕುತ್ತ ಕೂತಳು.

"ಅಜ್ಜಿ, ನಂಗೆ ಬೇರೆ ಶಾಫ್ಟು ಬೇಕು."

ಕೋಲಿನ ಹಿಂದಿನ ಅರ್ಧ ಹಿಡಿ, ಚೆಂಡಿಗೆ ಹೊಡೆಯುವ ಮುಂದಿನ ಅರ್ಧ ಶಾಫ್ಟು. ಎರಡನ್ನೂ ತಿರುಪಿ ಕೂಡಿಸುವುದು. ಅವಳ ಕೋಲು ಇವರೇ ಕಡೆದು ಕೊಟ್ಟದ್ದು, ಅವಳಿಗೆ ಹನ್ನೊಂದು ವರ್ಷವಿದ್ದಾಗ. ನಲವತ್ತು ವರ್ಷ ಇವರ ಮರ ಕಡೆಯುವ ಲೇತು ತಿರುಗಿದ್ದೇ ಇಂಥ ಕೋಲಿಗೆ. ನಾನು ಹೊಟ್ಟು ಗುಡಿಸುವವಳು, ತುದಿಗೆ ಚರ್ಮ ಅಂಟಿಸುವವಳು, ಪಾಲಿಶ್ ತಿಕ್ಕುವವಳು.

"ತಾತ ಕೇಳಿಸ್ಕೊಂಡ್ರೆ ಏನಾಗುತ್ತೆ ಗೊತ್ತಾ?" ಅಂದೆ.

"ಅದಕ್ಕೇ ನಿಂಗೆ ಹೇಳ್ತಿರೋದು."

ಕೆಂಡ ತಂದು ನನ್ನ ಸೆರಗಿಗೆ ಹಾಕಿ ಎದ್ದು ಹೋದಳು.

ಮಾರ್ಚ್ 5, ಬುಧವಾರ

ಅವಳ ಜೊತೆ ಪೂಲ್ ಹಾಲಿಗೆ ಹೋದೆ. ಇಪ್ಪತ್ತೆರಡು ಮೆಟ್ಟಿಲು. ಮೇಲೆ ಹೋದರೆ ಹಗಲಲ್ಲೂ ಕತ್ತಲೆ, ಆರು ಮೇಜು, ಆರು ದೀಪ, ಒಬ್ಬ ಕೋಚು. ನಾನು ಅವನಿಗೆ ಕೋಚಪ್ಪ ಅನ್ನುತ್ತೇನೆ. ಒಳ್ಳೆಯವನೇ. ಆದರೆ ಒಂದು ಮಾತು ಕೇಳಿದರೆ ಹತ್ತು ಮಾತಿನ ಪಾಠ.

"ಅಮ್ಮಾ, ಬಿಳಿ ಚೆಂಡಿನ ನಡುಮಧ್ಯಕ್ಕೆ ಹೊಡೆದ್ರೆ ನೆಟ್ಟಗೆ ಹೋಗುತ್ತೆ. ಬಲ ಪಕ್ಕಕ್ಕೆ ಹೊಡೆದ್ರೆ ಗಿರಗಿರ ತಿರುಗುತ್ತೆ, ಆದ್ರೆ ಹೊರಡೋವಾಗಲೇ ಒಂಚೂರು ಎಡಕ್ಕೆ ಸರಿಯುತ್ತೆ. ಆ ಸರಿಯೋದೇ ಡಿಫ್ಲೆಕ್ಷನ್."

"ಅದಕ್ಕೇನಂತೆ? ಒಂಚೂರು ಬಲಕ್ಕೆ ಗುರಿ ಇಟ್ಕೊಂಡ್ರಾಯ್ತು."

"ಎಂಟು ವರ್ಷದಿಂದ ಅದನ್ನೇ ಮಾಡ್ತಿದ್ದಾಳೆ, ಅಂದಾಜಿನ ಮೇಲೆ. ಹತ್ತಿರದ ಹೊಡೆತಕ್ಕೆ ಅಂದಾಜು ಸಾಕು. ಮೇಜಿನ ಆ ತುದಿಗೆ ಹೊಡೀಬೇಕಾದಾಗ ಕೈ ಕೊಡುತ್ತೆ. ಹೋದ ವರ್ಷ ಕೊನೇ ಚೆಂಡು ಹೋಗಿದ್ದು ಹಾಗೇನೇ."

ಆಮೇಲೆ ಒಂದು ಚೀಲದಿಂದ ಕಪ್ಪನೆಯ ಶಾಫ್ಟು ತೆಗೆದು ತನ್ನ ಹಿಡಿಗೆ ತಿರುಪಿದ. ಕಾರ್ಬನ್ನಿನದಂತೆ, ಲೋ ಡಿಫ್ಲೆಕ್ಷನ್, ಅಂದರೆ ಚೆಂಡು ಕಡಿಮೆ ಸರಿಯುವ ಶಾಫ್ಟಂತೆ. ಎದುರು ಅಂಚಿಗೆ ಕಾಗದ ಅಂಟಿಸಿ, ಬಿಳಿ ಚೆಂಡಿಗೆ ಸೀಮೆಸುಣ್ಣ ಬಳಿದು, ಪಕ್ಕಕ್ಕೆ ಹೊಡೆದು ತೋರಿಸಿದ. ಚೆಂಡು ಹೋಗಬೇಕಾದ ಜಾಗದಿಂದ ಎಷ್ಟು ಸರಿದು ಬಡಿಯಿತು ಎಂದು ಕಾಗದದ ಮೇಲಿನ ಗುರುತೇ ಹೇಳುತ್ತದೆ. ಇವರು ಕಡೆದ ಶಾಫ್ಟಿನಲ್ಲಿ ಐದು ಬೆರಳು. ಕರಿಯದರಲ್ಲಿ ಎರಡು ಬೆರಳು. ಈ ಮನುಷ್ಯನ ನಲವತ್ತು ವರ್ಷವನ್ನು ಅವನು ಮೂರು ನಿಮಿಷದಲ್ಲಿ ಬೆರಳಿನಲ್ಲಿ ಅಳೆದುಬಿಟ್ಟ.

ಮಿಡತೆ ಕರಿಯದನ್ನು ತೆಗೆದುಕೊಂಡು ಹತ್ತು ಹೊಡೆದಳು. ಎಂಟು ತಪ್ಪಿತು. ಎಲ್ಲವೂ ಒಂದೇ ಕಡೆಗೆ, ಬಲಕ್ಕೆ. ಚೆಂಡು ಸರಿಯುವುದು ಕಡಿಮೆಯಾಯಿತು, ಇವಳ ಕಣ್ಣು ಮಾತ್ರ ಹಳೆಯ ಐದು ಬೆರಳನ್ನೇ ಲೆಕ್ಕಕ್ಕೆ ಹಿಡಿಯುತ್ತಿದೆ.

"ಅಭ್ಯಾಸ ಬಿಡಿಸೋಕೆ ಎಷ್ಟು ದಿನ?" ಎಂದು ಕೇಳಿದೆ.

"ಮೂರು ತಿಂಗಳು."

"ಇರೋದು ಇಪ್ಪತ್ನಾಲ್ಕು ದಿನ ಕಣಪ್ಪ."

ಅವನು ಕನ್ನಡಕ ಒರೆಸಿಕೊಂಡ. ಮಿಡತೆ ನನ್ನ ಕಡೆ ನೋಡಿದಳು. ಹಳೆಯದರಲ್ಲಿ ಆಡಿದರೆ ಹೋದ ವರ್ಷದ ಕಥೆ, ಹೊಸದರಲ್ಲಿ ಆಡಿದರೆ ಅದಕ್ಕಿಂತ ಕಡೆ. ನನ್ನನ್ನು ನೋಡಿದರೆ ನಾನೇನು ಮಾಡಲಿ?

ಮಾತ್ರೆ ಮೂರು. ಎರಡನೆಯದು ತಡ.

ಮಾರ್ಚ್ 8, ಶನಿವಾರ

ಇವರಿಗೆ ತರಕಾರಿ ತರಲು ಹೋಗುತ್ತೇನೆಂದು ಹೇಳಿ, ಕೋಲಿನ ಹಿಡಿಯನ್ನು ಚೀಲದಲ್ಲಿ ಸುತ್ತಿಕೊಂಡು ಆಟದ ಸಾಮಾನಿನ ಅಂಗಡಿಗೆ ಹೋದೆ. ಕಪ್ಪಲ್ಲದ, ಮರದ್ದೇ ಆದ ಲೋ ಡಿಫ್ಲೆಕ್ಷನ್ ಶಾಫ್ಟೂ ಸಿಗುತ್ತದಂತೆ. ಅದು ಇವಳಿಗೆ ಹೊಂದೀತೇನೋ ಎಂದು ಆಸೆ.

ಅಂಗಡಿಯವನು ನಮ್ಮ ಹಿಡಿಯ ತಿರುಪು ನೋಡಿ ಇಡೀ ಅಂಗಡಿಗೆ ಕೇಳುವ ಹಾಗೆ ನಕ್ಕ.

"ಇದ್ಯಾವ ಕಾಲದ ತಿರುಪಮ್ಮ? ನೀರಿನ ಪಂಪಿಂದಾ?"

"ಹೌದಪ್ಪ, ಪಂಪಿಂದೇ. ನಿಮ್ಮಪ್ಪ ಚಡ್ಡಿ ಹಾಕ್ಕೊಳ್ಳೋ ಕಾಲದ ಪಂಪು. ಇನ್ನೂ ಸವೆದಿಲ್ಲ, ನೋಡು."

ನಗು ನಿಂತಿತು. ಆದರೆ ವಿಷಯ ಅದೇ: ಅವನ ಅಂಗಡಿಯ ಯಾವ ಶಾಫ್ಟೂ ಇದಕ್ಕೆ ಕೂರುವುದಿಲ್ಲ. ಕೂರಿಸಬೇಕೆಂದರೆ ಹಿಡಿಯೊಳಗಿನ ತಿರುಪನ್ನು ಕಿತ್ತು ಬೇರೆ ಹಾಕಬೇಕು. ಆ ತಿರುಪಿನ ಸುತ್ತ ಇವರು ಎಂಟು ದಿನ ಕೂತು ಕೂರಿಸಿದ ಕರಿಮರದ ಹೂವಿದೆ. ಕೀಳುವಾಗ ಅದು ಸೀಳದೆ ಉಳಿಯುತ್ತದೆಂದು ಅವನೂ ಹೇಳಲಿಲ್ಲ.

ಮನೆಗೆ ಬಂದೆ. "ತರಕಾರಿ ಎಲ್ಲಿ?" ಎಂದು ಕೇಳಿದರು. "ಚೆನ್ನಾಗಿರಲಿಲ್ಲ" ಅಂದೆ. ನಲವತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯ, ಚೀಲದಿಂದ ಒಂದು ಗೇಣು ಹೊರಗೆ ಚಾಚಿದ್ದ ಹಿಡಿಯನ್ನು ನೋಡಿಯೂ ನೋಡದ ಹಾಗೆ ಪೇಪರಿನ ಹಾಳೆ ತಿರುವಿದರು.

ಮಾರ್ಚ್ 10, ಸೋಮವಾರ

ಒಂದು ಉಪಾಯ ಹೊಳೆಯಿತು. ಹೊಳೆದದ್ದಲ್ಲ, ಮೂರು ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು.

ಕೋಚಪ್ಪನ ಕರಿ ಶಾಫ್ಟು ಇವರದಕ್ಕಿಂತ ತೆಳ್ಳಗಿದೆ, ಕೈಯಾರೆ ಹಿಡಿದು ನೋಡಿದ್ದೇನೆ. ಅಂದಮೇಲೆ ಗುಟ್ಟು ಇರುವುದು ತೆಳ್ಳಗಿರುವುದರಲ್ಲಿ. ಹಳೆಯದನ್ನೇ ತುದಿಯ ಕಡೆ ಒಂಚೂರು ತೆಳ್ಳಗೆ ಮಾಡಿದರೆ ತಿರುಪೂ ಕೀಳಬೇಕಿಲ್ಲ, ಇವರಿಗೂ ಹೇಳಬೇಕಿಲ್ಲ, ಹುಡುಗಿಯ ಅಭ್ಯಾಸವೂ ಪೂರಾ ಕೆಡುವುದಿಲ್ಲ.

ಮಿಡತೆ ಕಾಲೇಜಿಗೆ ಹೋಗಿದ್ದಳು, ಇವರು ಊಟ ಮಾಡಿ ಮಲಗಿದ್ದರು. ಇವರ ಲೇತಿನ ಕೊಠಡಿಗೆ ಹೋಗಿ ಉಪ್ಪುಕಾಗದ ತೆಗೆದುಕೊಂಡು ಒಂದೂವರೆ ಗಂಟೆ ತಿಕ್ಕಿದೆ. ಲೇತು ಹಾಕಿದರೆ ಸದ್ದಾಗುತ್ತದೆಂದು ಕೈಯಲ್ಲೇ. ಕಾಲು ನೂಲಿನಷ್ಟು ಹೋಗಿರಬಹುದು. ಮೇಣ ಹಚ್ಚಿ ಒರೆಸಿ, ಇದ್ದಲ್ಲೇ ಇಟ್ಟೆ. ಗೊತ್ತೇ ಆಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಮಿಡತೆ ಬೇಗ ಬಂದಳು. "ಇವತ್ತು ಕೈ ಸರಿ ಇಲ್ಲ ಅಜ್ಜಿ" ಅಂದಳು, ಅಷ್ಟೇ.

ಒಂದು ದಿನಕ್ಕೆ ಏನೂ ಹೇಳಲಾಗುವುದಿಲ್ಲ.

ಮಾರ್ಚ್ 12, ಬುಧವಾರ

ನೆಟ್ಟಗೆ ಹೊಡೆದ ಚೆಂಡೂ ತಪ್ಪುತ್ತಿದೆಯಂತೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕೋಚಪ್ಪ ಮೂರು ಸಲ ಅವಳ ನಿಲುವು ತಿದ್ದಿದನಂತೆ.

ಸಂಜೆ ಅಡುಗೆಮನೆಗೆ ಹೋದಾಗ ಮಿಡತೆ ದೀಪದ ಕೆಳಗೆ ನಿಂತು ಬಲಗೈ ಮುಂದಕ್ಕೆ ಚಾಚಿ ಬೆರಳುಗಳನ್ನೇ ದಿಟ್ಟಿಸುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಕೈ ಇಳಿಸಿ ನೀರು ಕುಡಿದಳು. ಲೋಟದಲ್ಲಿ ನೀರು ಇರಲಿಲ್ಲ.

ಅವಳು ಏನು ನೋಡುತ್ತಿದ್ದಳೆಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂದುಕೊಂಡು ಪಾತ್ರೆ ತೊಳೆದೆ.

ಮಾತ್ರೆ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಇವರನ್ನು ಕೇಳಿದರೆ "ಕೊಟ್ಟೆ ಕಣೇ, ಎರಡು ಸಲ ಕೊಡೋಕೆ ಬಂದಿದ್ದೆ" ಅಂದರು.

ಮಾರ್ಚ್ 13, ಗುರುವಾರ

ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮಿಡತೆ ಇವರ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು ಕೇಳಿದಳು: "ತಾತ, ನಿಮ್ಮ ಕೈ ನಡುಕ ಶುರುವಾಗೋ ಮೊದಲು ಹೇಗಿತ್ತು? ಏನಾದ್ರೂ ಮುಂಚೇನೇ ಗೊತ್ತಾಯ್ತಾ? ಇದು ಮನೆಯವರಿಗೆಲ್ಲ ಬರುತ್ತಾ?"

ಇವರು ಅವಳ ಕೈ ಹಿಡಿದು ತಮ್ಮ ನಡುಗುವ ಕೈಯ ಮೇಲೆ ಇಟ್ಟುಕೊಂಡರು. ನನಗೆ ತಡೆಯಲಾಗಲಿಲ್ಲ, ಬಾಯಿ ಬಿಟ್ಟೆ.

"ನಿನ್ನ ಕೈ ಬಂಡೆಯ ಹಾಗಿದೆ ಕಣೇ. ಶಾಫ್ಟು ಕೆಡಿಸಿದ್ದು ನಾನು. ಸೋಮವಾರ ತಿಕ್ಕಿದೆ."

ಮಿಡತೆಗೆ ಮೊದಲು ಅರ್ಥವಾಗಲಿಲ್ಲ. ಇವರಿಗೆ ತಕ್ಷಣ ಆಯಿತು. "ತಗೊಂಡು ಬಾ" ಅಂದರು. ಮಿಡತೆ ಅದನ್ನು ಟೀಪಾಯಿಯ ಗಾಜಿನ ಮೇಲಿಟ್ಟು ಉರುಳಿಸಿದಳು. ಕುಂಟನ ಹಾಗೆ ಎದ್ದು ಬಿದ್ದು ಹೋಯಿತು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ನಲವತ್ತು ವರ್ಷ ಪಕ್ಕದಲ್ಲೇ ಕೂತಿದ್ದ ನಾನು ಗಾಜಿನ ಮೇಲೆ ಒಂದು ಸಲ ಉರುಳಿಸಿ ನೋಡಲಿಲ್ಲವಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು.

"ಶಾಫ್ಟು ಹೋಗ್ಲಿ ಅಜ್ಜಿ. ಮೂರು ದಿನ ನಾನು ಕೈ ನೋಡ್ಕೊಂಡು ಸಾಯ್ತಿದ್ದೆ. ನೀನು ನೋಡ್ತಾ ಇದ್ದೆ."

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಬಾಗಿಲನ್ನು ಜೋರಾಗಿ ಹಾಕಲೂ ಇಲ್ಲ.

ಇವರು ಶಾಫ್ಟನ್ನು ತೊಡೆಯ ಮೇಲಿಟ್ಟುಕೊಂಡು ತುದಿ ಸವರಿದರು. ಆಮೇಲೆ ಅಂದರು, "ತೆಳ್ಳಗಿರೋದಲ್ಲ ಕಣೇ ವಿಷಯ. ತೂಕ. ತುದಿಯ ಐದು ಇಂಚು ಭಾರ ಇದ್ರೆ ಚೆಂಡನ್ನ ಪಕ್ಕಕ್ಕೆ ತಳ್ಳುತ್ತೆ. ಹಗುರ ಇದ್ರೆ ಚೆಂಡು ತಾಗಿದ ತಕ್ಷಣ ಶಾಫ್ಟೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ. ಒಳಗೆ ಕೊರೆದು ಟೊಳ್ಳು ಮಾಡ್ಬೇಕು. ತುದಿಯ ಹಿತ್ತಾಳೆ ಬಳೆ ಕಿತ್ತು ಹಾಕ್ಬೇಕು."

"ನಿಮಗೆ ಇದು ಗೊತ್ತಿತ್ತಾ?"

"ಇಪ್ಪತ್ತು ವರ್ಷದಿಂದ."

"ಮತ್ತೆ ಯಾಕೆ ಮಾಡ್ಲಿಲ್ಲ?"

"ಹಿತ್ತಾಳೆ ಬಳೆ ನೋಡಿಯೇ ಅಲ್ವೇನೇ ಜನ ನಮ್ಮ ಮನೆ ಹುಡ್ಕೊಂಡು ಬರ್ತಿದ್ದದ್ದು."

ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದು, "ತಲೆ ಭಾರ ಇದ್ದದ್ದು ಕೋಲಿಗೊಂದೇ ಅಲ್ಲ ಬಿಡಿ" ಅಂದೆ.

ಮಾರ್ಚ್ 14, ಶುಕ್ರವಾರ

ಕೊಠಡಿಯ ಸೂರಿನಲ್ಲಿ ಮೂರು ಶಾಫ್ಟು ತೂಗುತ್ತಿವೆ. ಮೇಪಲ್ ಮರ. ಇವರ ಕೈ ಕೆಡುವ ಮೊದಲು ಕಡೆದದ್ದು. ಈ ಮರವನ್ನು ಒಂದೇ ಸಲಕ್ಕೆ ಕಡೆಯುವ ಹಾಗಿಲ್ಲ. ಕೂದಲೆಳೆಯಷ್ಟು ಕಡೆದು ತಿಂಗಳುಗಟ್ಟಲೆ ತೂಗುಬಿಡಬೇಕು, ಮತ್ತೆ ಕಡೆಯಬೇಕು, ಮತ್ತೆ ತೂಗುಬಿಡಬೇಕು. ಅವಸರ ಮಾಡಿದರೆ ಬಿಲ್ಲಿನ ಹಾಗೆ ಬಾಗುತ್ತದೆ. ಈ ಮೂರೂ ಆ ಎಲ್ಲ ಸುತ್ತು ಮುಗಿಸಿ, ಕೊನೆಯ ಒಂದು ಸಲಕ್ಕೆ ಕಾಯುತ್ತ ಎರಡು ವರ್ಷದಿಂದ ನೇತಾಡುತ್ತಿವೆ. ಪಂಪಿನ ತಿರುಪಿನ ಅಚ್ಚೂ ಇಲ್ಲೇ ಇದೆ. ಹಿಡಿಯ ತಿರುಪು ಕೀಳಬೇಕಿಲ್ಲ.

"ಕೊರೆಯೋದು ಯಾರು?" ಅಂದೆ.

ಇವರು ತಮ್ಮ ಎರಡೂ ಕೈ ಎತ್ತಿ ತೋರಿಸಿದರು. ಗಾಳಿಗೆ ಸಿಕ್ಕ ಎಲೆಗಳು.

"ನೀನೇ."

"ಸೋಮವಾರ ನಾನು ಏನು ಮಾಡಿಟ್ಟೆ ಅಂತ ನೋಡಿದ್ರಲ್ಲ."

"ಸೋಮವಾರ ನನ್ನ ಕೇಳ್ಲಿಲ್ಲ. ಈಗ ಕೇಳು."

ಮಿಡತೆ ಮಾತಾಡುವುದಿಲ್ಲ. ಕೋಚಪ್ಪ ತನ್ನದೊಂದು ಕೋಲು ಕೊಟ್ಟಿದ್ದಾನೆ, ಕರಿ ಶಾಫ್ಟಿನದು. ಅದರಲ್ಲೇ ಆಡುತ್ತಿದ್ದಾಳೆ. ಹತ್ತಕ್ಕೆ ಆರು ತಪ್ಪು ಎಂದು ಸೊಸೆಯಿಂದ ತಿಳಿಯಿತು.

ಮಾರ್ಚ್ 16, ಭಾನುವಾರ

ಒಂದನ್ನು ಸೀಳಿದೆ.

ತುದಿಯಿಂದ ಐದು ಇಂಚು ಒಳಕ್ಕೆ, ಸ್ವೆಟರ್ ಹೆಣೆಯುವ ಕಡ್ಡಿಯಷ್ಟು ದಪ್ಪದ ತೂತು, ನಟ್ಟನಡುವೆ. ಬೈರಿಗೆಯನ್ನು ಸ್ವಲ್ಪ ಒಳಗೆ ಬಿಡಬೇಕು, ಹೊರಗೆ ತೆಗೆದು ಪುಡಿ ಕೊಡವಬೇಕು, ಮತ್ತೆ ಬಿಡಬೇಕು. ನಾಲ್ಕು ಇಂಚಿನವರೆಗೆ ಚೆನ್ನಾಗಿಯೇ ಹೋಯಿತು. ಆಗ ಮಿಡತೆ ಬಾಗಿಲ ಹತ್ತಿರ ಬಂದು ನಿಂತ ಹಾಗಾಯಿತು. ಅವಳು ನೋಡಲಿ ಎಂದು ಒಂದು ಸಲ ಕೊಡವದೆ ಒತ್ತಿದೆ. ಸುಟ್ಟ ವಾಸನೆ, ಚಟ್ ಎಂಬ ಸದ್ದು. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ.

ಇವರು ಒಂದು ಮಾತೂ ಬೈಯಲಿಲ್ಲ. "ನಾನು ಮೊದಲನೇ ವರ್ಷ ಹದಿನೇಳು ಸೀಳಿದ್ದೆ" ಅಂದರು. ನಮ್ಮ ಮದುವೆಯಾಗಿ ಆಗ ಆರು ವರ್ಷ. ಆಗೆಲ್ಲ ಒಲೆಗೆ ಅಷ್ಟು ಒಳ್ಳೆಯ ಸೌದೆ ಎಲ್ಲಿಂದ ಬರುತ್ತದೆಂದು ನಾನು ಕೇಳಲೇ ಇಲ್ಲ.

ಇನ್ನು ಹದಿಮೂರು ದಿನ.

ಮಾರ್ಚ್ 19, ಬುಧವಾರ

ಎರಡು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಎರಡನೆಯದು ಸೀಳಲಿಲ್ಲ. ತುದಿಗೆ ಹಿತ್ತಾಳೆಯ ಬದಲು ಉಗುರಿನಷ್ಟು ಗಿಡ್ಡದ ಬಿಳಿ ಬಳೆ, ಹಗುರವಾದದ್ದು. ಅದರ ಮೇಲೆ ಚರ್ಮ. ಇವತ್ತು ಕೊನೆಯ ಸುತ್ತು ಕಡೆದೆ. ಇವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು "ಉಳಿ ಎತ್ತು, ಎತ್ತು ಅಂದ್ನಲ್ಲ" ಅಂತ ತಲೆ ತಿನ್ನುತ್ತಿದ್ದರು. ಸಾಕಾಗಿ, ಹೋಗಿ ಟೀ ಮಾಡಿಕೊಂಡು ಬನ್ನಿ ಎಂದು ಅಟ್ಟಿದೆ. ಮಾಡಿಕೊಂಡು ಬಂದರು. ಅರ್ಧ ಚೆಲ್ಲಿತ್ತು, ಉಳಿದರ್ಧದಲ್ಲಿ ಸಕ್ಕರೆ ಇರಲಿಲ್ಲ. ಕುಡಿದೆ.

ಗಾಜಿನ ಮೇಲೆ ಉರುಳಿಸಿದೆ. ಹನ್ನೆರಡು ಸಲ ಉರುಳಿಸಿದೆ. ಎಣ್ಣೆಯ ಹಾಗೆ ಹೋಯಿತು.

ಮಾತ್ರೆ ಇವರೇ ತೆಗೆದುಕೊಂಡರಂತೆ. ಹೊತ್ತು ಕೇಳಲಿಲ್ಲ.

ಮಾರ್ಚ್ 20, ಗುರುವಾರ

ಶಾಫ್ಟನ್ನು ಮಿಡತೆಯ ಮಂಚದ ಮೇಲೆ ಇಟ್ಟು ಬಂದೆ. ಅವಳು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದಳು.

ಹೊರಗೆ ಹೋದವಳು ಬರುವವರೆಗೆ ಬಟ್ಟೆ ಮಡಚಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಆರು ಗಂಟೆಗೆ ಬಂದಳು.

"ಮೂರು ಬೆರಳು" ಅಂದಳು.

ಏಳು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು. ಹಳೆಯದು ಐದು, ಕರಿಯದು ಎರಡು, ಇದು ಮೂರು. ಇಷ್ಟೆಲ್ಲ ಮಾಡಿಯೂ ಅಂಗಡಿಯ ಕರಿಯದಕ್ಕೆ ಸಾಟಿಯಾಗಲಿಲ್ಲ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಕೋಚಪ್ಪನೇ ಮನೆಗೆ ಬಂದ. ಆಯ್ಕೆಗೆ ಯಾವ ಶಾಫ್ಟಿನಲ್ಲಿ ಆಡುವುದೆಂದು ಇವತ್ತೇ ತೀರ್ಮಾನ ಆಗಬೇಕು, ಇನ್ನು ಎಂಟು ದಿನ ಅದೊಂದರಲ್ಲೇ ಕೈ ಪಳಗಬೇಕು ಅಂದ.

ನಾನು ಅವನಿಗಿಂತ ಮೊದಲೇ ಬಾಯಿ ತೆಗೆದೆ. "ಕರಿಯದೇ ಆಗ್ಲಿ. ಎರಡು ಬೆರಳು, ಮೂರಕ್ಕಿಂತ ಒಳ್ಳೇದಲ್ವಾ?"

ಮಿಡತೆ ತಲೆ ಅಲ್ಲಾಡಿಸಿದಳು. "ಕರಿಯದು ತೀರ ನೆಟ್ಟಗೆ ಹೋಗುತ್ತೆ ಅಜ್ಜಿ. ನನ್ನ ಕಣ್ಣು ಅಷ್ಟು ದೂರ ಬರೋದಿಲ್ಲ, ಎಂಟು ದಿನದಲ್ಲಿ. ಇದರಲ್ಲಿ ಅರ್ಧ ದಾರಿ ಬಂದ್ರೆ ಸಾಕು. ನಿನ್ನೆ ಹತ್ತಕ್ಕೆ ಏಳು ಬಿತ್ತು."

"ಏಳಲ್ಲ, ಆರೂವರೆ" ಅಂದ ಕೋಚಪ್ಪ. "ಒಂದು ಅಂಚಿಗೆ ಬಡಿದು ಅದೃಷ್ಟಕ್ಕೆ ಬಿತ್ತು."

"ಬಿದ್ದ ಮೇಲೆ ಅರ್ಧ ಎಲ್ಲಿಂದ ಬಂತು ಸರ್?"

"ನೋಡು ಮಗು," ಅಂದೆ, "ನಾನು ಮಾಡಿದ್ದು ಅಂತ ದಾಕ್ಷಿಣ್ಯ ಬೇಡ. ಆಗಲೇ ಒಂದು ಕೆಡಿಸಿದ್ದೀನಿ. ಇದು ಆಟದ ನಡುವೆ ಸೀಳಿಬಿಟ್ರೆ? ನಿಂಗೆ ಇರೋದು ಇದೊಂದೇ ವರ್ಷ. ನನ್ನ ಕೈಕೆಲಸ ನಂಬ್ಕೊಂಡು ಅದನ್ನ ಕಳ್ಕೋಬೇಡ."

"ದಾಕ್ಷಿಣ್ಯ ಏನಿಲ್ಲ. ನಿನ್ನ ಮೇಲೆ ಇನ್ನೂ ಕೋಪ ಇದೆ."

"ಮತ್ತೆ?"

"ಕೋಪ ಬೇರೆ, ಶಾಫ್ಟು ಬೇರೆ."

ಕೋಚಪ್ಪ ಶಾಫ್ಟನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ. ಪಾಠ ಶುರುವಾಗುತ್ತದೆ ಅಂದುಕೊಂಡೆ. ಆಗಲಿಲ್ಲ. "ನೆಟ್ಟಗಿದೆ" ಎಂದಷ್ಟೇ ಹೇಳಿ ಕೊಟ್ಟ.

ಇವರು ಮೂಲೆಯಲ್ಲಿ ಕೂತು ಗೋಡೆ ನೋಡಿಕೊಂಡು ನಗುತ್ತಿದ್ದರು. ನಗುವುದಕ್ಕೇನಾಗಿದೆಯೋ!

ಮಾರ್ಚ್ 25, ಮಂಗಳವಾರ

ಹತ್ತಕ್ಕೆ ಎಂಟು. ಕೋಚಪ್ಪನ ಲೆಕ್ಕದಲ್ಲಿ ಏಳು.

ಆವತ್ತು ಸೀಳಿದ ತುಂಡನ್ನು ಮತ್ತೆ ತೆಗೆದು, ಎಲ್ಲಿ ತಪ್ಪಿತೆಂದು ಉದ್ದಕ್ಕೂ ಕೊಯ್ದು ನೋಡಿದೆ. ತೂತು ನಡುವಿನಿಂದ ಕೂದಲಿನಷ್ಟು ಆಚೆ ಹೋಗಿದೆ. ನನ್ನ ಬೈರಿಗೆಯ ಮೊನೆ ಮೊಂಡಾಗಿತ್ತು, ಅದೂ ಒಂದು ಕಾರಣ. ಸಾಣೆ ಹಿಡಿದಿಟ್ಟೆ. ಉಳಿಗಳ ಜಾಗವನ್ನೂ ಬದಲಾಯಿಸಿದೆ, ಅಷ್ಟು ಮೇಲೆ ಇಟ್ಟರೆ ನನಗೆ ಎಟುಕುವುದಿಲ್ಲ.

ಮಾರ್ಚ್ 28, ಶುಕ್ರವಾರ

ಇವತ್ತು ಏನೂ ಕೇಳಬಾರದು ಅಂದುಕೊಂಡಿದ್ದೆ. ಎಂಟು ಸಲ ಕೇಳಿದೆ. ಬಳೆ ಸಡಿಲವಾಗಿದೆಯಾ, ಚರ್ಮ ಎದ್ದಿದೆಯಾ, ತಿರುಪು ಬಿಗಿಯಾಗಿದೆಯಾ. ಒಂಬತ್ತನೆಯ ಸಲಕ್ಕೆ ಮಿಡತೆ ಶಾಫ್ಟನ್ನು ನನ್ನ ಕೈಗೇ ಕೊಟ್ಟು, "ತಗೋ, ಪಕ್ಕದಲ್ಲಿ ಮಲಗಿಸ್ಕೊ. ಬೆಳಿಗ್ಗೆ ವಾಪಸ್ ಕೊಡು" ಅಂದಳು.

ಮುಖದಲ್ಲಿ ನಗು ಇರಲಿಲ್ಲ. ಆದರೂ ಅದು ತಮಾಷೆಯೇ ಇರಬೇಕು.

ಮಾರ್ಚ್ 29, ಶನಿವಾರ

ಎಂಟು ಹುಡುಗಿಯರು. ಮೂರು ಜನ ಮಧ್ಯಾಹ್ನದ ಹೊತ್ತಿಗೇ ಗೆದ್ದು ಜಾಗ ಹಿಡಿದರು. ಮಿಡತೆ ಮೊದಲ ಎರಡು ಆಟ ಸೋತಳು. ಎರಡರಲ್ಲೂ ಪಕ್ಕದ ಹೊಡೆತವೇ ತಪ್ಪಿದ್ದು. ಎರಡೂ ಬಲಕ್ಕೆ ಹೋಯಿತು. ಹಳೆಯ ಐದು ಬೆರಳು ಅವಳ ಕಣ್ಣಿನಲ್ಲಿ ಇನ್ನೂ ಕೂತಿತ್ತು. ನಾನು ಇವರ ಅಂಗಿಯ ತೋಳು ಹಿಡಿದುಕೊಂಡಿದ್ದೆ. ಗುಂಡಿ ಕಿತ್ತು ಬಂತು.

ಕೋಚಪ್ಪ ಚೀಲದಿಂದ ಕರಿ ಶಾಫ್ಟಿನ ಕೋಲನ್ನು ಅರ್ಧ ಹೊರಗೆಳೆದು ಅವಳಿಗೆ ಕಾಣುವ ಹಾಗೆ ಹಿಡಿದ. ನಡುವೆ ಕೋಲು ಬದಲಾಯಿಸಬಹುದು, ನಿಯಮದಲ್ಲಿದೆ. ನಾನೂ ಅವಳ ಕಡೆಗೆ ಕೈ ಬೀಸಿ, ತಗೋ, ತಗೋ ಎಂದು ಸನ್ನೆ ಮಾಡಿದೆ. ಅವಳು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ತುದಿಯ ಚರ್ಮಕ್ಕೆ ಸೀಮೆಸುಣ್ಣ ತಿಕ್ಕಿದಳು.

ಆ ಮೇಲಿನ ನಾಲ್ಕು ಆಟ ಗೆದ್ದಳು. ನಾಲ್ಕನೇ ಜಾಗಕ್ಕೆ ಇಬ್ಬರು ಸಮ ಆದರು, ಇವಳು ಮತ್ತು ಗಿಡ್ಡ ಕೂದಲಿನ ಒಬ್ಬ ಹುಡುಗಿ. ಒಂದೇ ಆಟ, ಗೆದ್ದವರಿಗೆ ಜಾಗ.

ಆ ಹುಡುಗಿ ಒಂದು ತಪ್ಪಿಸಿ ಕೂತಳು. ಮಿಡತೆಗೆ ಎರಡು ಚೆಂಡು ಉಳಿದಿತ್ತು. ಒಂದು ಮೇಜಿನ ಆ ತುದಿಯ ಮೂಲೆಯ ಹತ್ತಿರ, ಕೊನೆಯದು ಈ ತುದಿಯಲ್ಲಿ. ಸುಮ್ಮನೆ ನಡುಮಧ್ಯಕ್ಕೆ ಹೊಡೆದರೆ ಮೊದಲನೆಯದು ಬೀಳುತ್ತಿತ್ತು, ಆದರೆ ಬಿಳಿ ಚೆಂಡು ಅಲ್ಲೇ ಉಳಿದು ಕೊನೆಯದು ಕೈಗೆ ಸಿಗುತ್ತಿರಲಿಲ್ಲ. ಬಲ ಪಕ್ಕಕ್ಕೆ, ಉದ್ದಕ್ಕೆ, ಜೋರಾಗಿ ಹೊಡೆಯಬೇಕು. ಹೋದ ವರ್ಷ ತಪ್ಪಿದ ಹೊಡೆತ.

ಬಗ್ಗಿದಳು. ಎದ್ದಳು. ಮತ್ತೆ ಬಗ್ಗಿದಳು. ಎಷ್ಟು ಹೊತ್ತು ಹಾಗೇ ಇದ್ದಳೋ. ನಾನು ಅವಳ ಕೈ ನೋಡುತ್ತಿರಲಿಲ್ಲ, ಕೋಲಿನ ತುದಿಯನ್ನೇ ನೋಡುತ್ತಿದ್ದೆ. ಅದು ಒಂಚೂರು, ಒಂದೇ ಒಂಚೂರು, ಎಡಕ್ಕೆ ಬಂದು ನಿಂತಿತು. ಕಣ್ಣು ಕೊನೆಗೂ ದಾರಿಗೆ ಬಂತು ಅಂದುಕೊಂಡೆ. ಹೊಡೆದಳು. ಚೆಂಡು ಗುಂಡಿಯ ಅಂಚಿಗೆ ತಾಗಲೂ ಇಲ್ಲ, ಗುಂಡಿ ನುಂಗಿಕೊಂಡಿತು. ಬಿಳಿ ಚೆಂಡು ಎರಡು ಅಂಚಿಗೆ ಬಡಿದು, ನಾಯಿಮರಿಯ ಹಾಗೆ ವಾಪಸ್ ಬಂದು ಕೊನೆಯ ಚೆಂಡಿನ ಮುಂದೆ ನಿಂತಿತು. ಅದನ್ನು ನಾನೂ ಹಾಕುತ್ತಿದ್ದೆ. ಹಾಕಿದಳು, ನಾಲ್ಕನೇ ಜಾಗ ಅವಳದಾಯಿತು.

ಇವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ತುದಿಯ ಬಳೆ ಹಾಗೇ ಇದೆಯಾ ಎಂದು ನೋಡಲು ಎದ್ದು ಹೋದೆ. ಮಿಡತೆ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳ ಕಾಲಿನ ಭಾರಕ್ಕೆ ನನ್ನ ಸೊಂಟ ಹಿಡಿದುಕೊಂಡಿತು, ಈಗಲೂ ಬಿಟ್ಟಿಲ್ಲ.

"ಕೋಪ ಹೋಯ್ತಾ?" ಎಂದು ಕಿವಿಯಲ್ಲಿ ಕೇಳಿದೆ.

"ಅರ್ಧ."

ಹೊರಡುವ ಹೊತ್ತಿಗೆ ಗಿಡ್ಡ ಕೂದಲಿನ ಹುಡುಗಿಯ ತಾಯಿ ಇವರ ಹತ್ತಿರ ಬಂದು ನಿಂತಳು. ಮಗಳು ಸೋತದ್ದಕ್ಕೆ ಕಣ್ಣು ಕೆಂಪಾಗಿತ್ತು, ಪಾಪ. "ಶಾಫ್ಟು ನೀವೇ ಮಾಡಿದ್ದಂತಲ್ಲ. ನಮ್ಮ ಹುಡುಗಿಗೂ ಕರಿಯದು ಒಗ್ತಾ ಇಲ್ಲ. ಒಂದು ಮಾಡ್ಕೊಡ್ತೀರಾ?"

ಇವರು ನಡುಗುವ ಕೈ ಎತ್ತಿ ತೋರಿಸಿದರು. "ಈ ಕೈ ನೋಡಿ ಕೇಳ್ತಿದ್ದೀರಲ್ಲಮ್ಮ. ಅವಳನ್ನ ಕೇಳಿ."

ಆಯಮ್ಮ ನನ್ನ ಕಡೆ ತಿರುಗಿದಳು.

"ಮೊದಲು ನಿಮ್ಮ ಹುಡುಗಿ ಹತ್ತು ಹೊಡೆಯೋದನ್ನ ನಾನು ನೋಡ್ಬೇಕು," ಅಂದೆ. "ಅವಳ ಕಣ್ಣು ಎಷ್ಟು ಬೆರಳಿಗೆ ಒಗ್ಗಿದೆ ಅಂತ ಗೊತ್ತಾಗದೆ ನಾನು ಉಳಿ ಮುಟ್ಟೋದಿಲ್ಲ. ಅವಸರ ಇದ್ರೆ ಅಂಗಡಿಗೆ ಹೋಗಿ."

ಮಾರ್ಚ್ 30, ಭಾನುವಾರ

ಆ ತಾಯಿ ಮಗಳು ಹನ್ನೊಂದಕ್ಕೆ ಬರುತ್ತಾರಂತೆ. ಲೇತಿನ ಸುತ್ತ ಗುಡಿಸಲು ಇವರಿಗೆ ಹೇಳಿದ್ದೇನೆ.